ಒರಟು ಕಾಂಕ್ರೀಟ್ ಅಂಗಳ, ನಾಯಿಯ ಅಂಗಾಲು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ತುಮಕೂರಿನ ಹೊರವಲಯದಲ್ಲಿ 30/40 ಸೈಟಿನ ಮನೆ. ಕಟ್ಟಿ ಉಳಿದ ಜಾಗಕ್ಕೆಲ್ಲ ಕಾಂಕ್ರೀಟ್ ಹಾಕಿಸಿದ್ದೆವು. ಕಾರು ಜಾರಬಾರದು ಅಂತ ಗಾರೆಯವರು ಹಸಿ ಇರುವಾಗಲೇ ಕಡ್ಡಿಪೊರಕೆ ಎಳೆದು ಗೆರೆ ಮಾಡಿದ್ದರು. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಮೇಲಿನ ಸಿಮೆಂಟ್ ಸವೆದು ಬೇಬಿ ಜಲ್ಲಿ ತಲೆ ಎತ್ತಿತು. ಆಮೇಲೆ ಬಂದವಳು ಬೆಳ್ಳಿ, ಮುಧೋಳ ಬೆರಕೆ ನಾಯಿ. ಬಂದ ಎರಡೇ ತಿಂಗಳಿಗೆ ಮೆಟ್ಟಿಲ ಮೇಲೆ ಕೆಂಪು ಚುಕ್ಕೆಗಳು ಕಾಣಿಸಿದವು. ಅಮ್ಮ ಕುಂಕುಮ ಚೆಲ್ಲಿದೆ ಅಂದುಕೊಂಡು ಒರೆಸಿದರು. ಮಾರನೇ ದಿನ ಮತ್ತೆ ಬಂತು. ಆಗ ಬೆಳ್ಳಿಯ ಕಾಲು ಎತ್ತಿ ನೋಡಿದೆವು.

ಆಮೇಲೆ ನಾವು ಮಾಡಿದ್ದು, ಕೆಡಿಸಿಕೊಂಡದ್ದು ಎಲ್ಲ ಇಲ್ಲಿದೆ. ನಾಯಿ ಸಾಕಿದ ನೆಂಟರು, ಪಕ್ಕದ ಬೀದಿಯವರು ಕೇಳುತ್ತಲೇ ಇರುವ ಪ್ರಶ್ನೆಗಳು ಇವು.

ನಾಯಿಯ ಅಂಗಾಲು ಗಟ್ಟಿ ಅಲ್ವಾ? ಬೀದಿ ನಾಯಿಗಳು ಟಾರ್ ರಸ್ತೆ ಮೇಲೇ ಬದುಕಲ್ವಾ?

ಗಟ್ಟಿ ಹೌದು. ಅಂಗಾಲಿನ ಮೆತ್ತೆಯ ಮೇಲಿನ ಚರ್ಮ ನಾಯಿಯ ಮೈಯಲ್ಲೇ ಅತಿ ದಪ್ಪ. ಅದರ ಕೆಳಗೆ ಕೊಬ್ಬಿನ ಪದರ ಇದೆ, ಅದೇ ಕುಶನ್. ನಡೆದಷ್ಟೂ ಮೇಲಿನ ಚರ್ಮ ಸವೆಯುತ್ತದೆ, ಒಳಗಿನಿಂದ ಹೊಸದು ಬರುತ್ತದೆ. ಸವೆಯುವ ವೇಗ ಬೆಳೆಯುವ ವೇಗಕ್ಕಿಂತ ಜಾಸ್ತಿ ಆದಾಗ ತೊಂದರೆ ಶುರು.

ಬೀದಿ ನಾಯಿ ಹುಟ್ಟಿದಾಗಿನಿಂದ ನಡೆದು ನಡೆದು ಕಾಲು ಗಟ್ಟಿ ಮಾಡಿಕೊಂಡಿರುತ್ತದೆ. ಬಿಸಿಲಾದರೆ ಚರಂಡಿ ಪಕ್ಕಕ್ಕೋ ಕಾರಿನ ಕೆಳಗೋ ಹೋಗುತ್ತದೆ. ನಿಮ್ಮ ನಾಯಿಗೆ ಆ ಆಯ್ಕೆ ಇಲ್ಲ. ಮನೆಯೊಳಗೆ ಟೈಲ್ಸ್ ಮೇಲೆ ದಿನವಿಡೀ ಮಲಗಿ, ಗೇಟ್ ಸದ್ದಾದ ಕೂಡಲೇ ಒರಟು ನೆಲದ ಮೇಲೆ ಬಾಣದಂತೆ ಓಡಿ, ಗೇಟ್ ಹತ್ತಿರ ಗಕ್ಕನೆ ನಿಲ್ಲುತ್ತದೆ. ನಡೆಯುವುದರಿಂದ ಅಷ್ಟೊಂದು ಸವೆಯಲ್ಲ. ಓಡಿ ಬ್ರೇಕ್ ಹಾಕುವುದು, ಓಡುತ್ತಲೇ ತಿರುಗುವುದು, ಇವೇ ಚರ್ಮ ಕಿತ್ತು ತೆಗೆಯುವುದು. ಮರಿಗಳು, ಭಾರೀ ಮೈಯ ಲ್ಯಾಬ್‌ಗಳು, ಮುಧೋಳದಂತೆ ಕಾಲಿಗೆ ಸ್ಪ್ರಿಂಗ್ ಕಟ್ಟಿಕೊಂಡು ಹುಟ್ಟಿದವು, ಇವಕ್ಕೆ ಏಟು ಜಾಸ್ತಿ.

ತೊಂದರೆ ಆಗಿದೆ ಅಂತ ಹೇಗೆ ಗೊತ್ತಾಗುತ್ತದೆ? ನಮ್ಮದು ಕುಂಟುತ್ತಿಲ್ಲ.

ಕುಂಟುವುದು ಕೊನೆಗೆ. ಅದಕ್ಕೂ ಮೊದಲು ರಾತ್ರಿ ಕೂತು ಪಾದ ನೆಕ್ಕುತ್ತದೆ. ಅಂಗಳ ಬಿಟ್ಟು ಗೋಡೆ ಪಕ್ಕದ ಒಂದೇ ಪಟ್ಟಿಯ ಮೇಲೆ ನಡೆಯುತ್ತದೆ. ಆಟಕ್ಕೆ ಕರೆದರೆ ಬರುತ್ತದೆ, ಆದರೆ ತಿರುಗುವಾಗ ನಿಧಾನ.

ಕಾಲು ಎತ್ತಿ ನೋಡಿ. ಕಪ್ಪು ಮೆತ್ತೆಯ ನಡುವೆ ಗುಲಾಬಿ ಮಚ್ಚೆ ಕಂಡರೆ ಅಲ್ಲಿ ಮೇಲಿನ ಪದರ ಹೋಗಿದೆ ಅಂತ. ಅಂಚಿನಲ್ಲಿ ಚರ್ಮ ಸಿಪ್ಪೆಯ ಹಾಗೆ ಎದ್ದಿರಬಹುದು. ಬೆರಳ ಸಂದುಗಳನ್ನೂ ಬಿಡಿಸಿ ನೋಡಿ, ಜಲ್ಲಿ ಚೂರು ಸಿಕ್ಕಿಕೊಂಡಿರುತ್ತದೆ.

ಒಂದು ಎಚ್ಚರಿಕೆ. ಪಾದದ ತೊಂದರೆ ಎಲ್ಲ ಕಾಂಕ್ರೀಟಿನದೇ ಅಲ್ಲ. ಮುಳ್ಳು, ಮುರಿದ ಉಗುರು, ಅಲರ್ಜಿ, ಉಣ್ಣಿ ಜ್ವರದ ಕೀಲುನೋವು ಕೂಡ ಕುಂಟಿಸುತ್ತವೆ. ಲಸಿಕೆ ಆಗದ ನಾಯಿಯ ಮೆತ್ತೆ ದಪ್ಪಗಟ್ಟಿ ಒಡೆಯುತ್ತಿದ್ದು, ಜೊತೆಗೆ ಜ್ವರ, ಕಣ್ಣು ಮೂಗಿನಲ್ಲಿ ಸುರಿತ ಇದ್ದರೆ ಅದು ಡಿಸ್ಟೆಂಪರ್ ಅನ್ನುವ ವೈರಸ್ ಕಾಯಿಲೆ ಇರಬಹುದು. ಆಗ ನೆಲ ನೋಡುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಓಡಿ.

ಇಡೀ ಅಂಗಳ ಸರಿ ಮಾಡಿಸಬೇಕಾ? ಅಷ್ಟು ದುಡ್ಡು ಇಲ್ಲ.

ಬೇಡವೇ ಬೇಡ. ಈ ಪುಟದಲ್ಲಿ ಬೇರೇನೂ ಓದದಿದ್ದರೂ ಇದೊಂದನ್ನು ಓದಿ. ನಾಯಿ ಇಡೀ ಅಂಗಳದಲ್ಲಿ ಓಡಲ್ಲ. ಅದಕ್ಕೊಂದು ದಾರಿ ಇದೆ, ದಿನಾ ಅದೇ ದಾರಿ. ಆ ದಾರಿ ಸರಿ ಮಾಡಿದರೆ ಸಾಕು.

ದಾರಿ ಕಂಡುಹಿಡಿಯುವುದು ಸುಲಭ. ಬೆಳಿಗ್ಗೆ ಬಾಗಿಲ ಎದುರಿಗೆ ಒಂದು ಬಕೆಟ್ ನೀರು ಚೆಲ್ಲಿ. ಮಿಕ್ಕ ನೆಲ ಒಣಗಿರಲಿ. ನಾಯಿ ಬಿಟ್ಟು, ಯಾರಿಗಾದರೂ ಗೇಟ್ ಅಲ್ಲಾಡಿಸಲು ಹೇಳಿ. ಒದ್ದೆ ಪಾದದಲ್ಲಿ ಓಡುತ್ತದೆ, ಹೆಜ್ಜೆ ಬೀಳುತ್ತವೆ. ಅವು ಆರುವುದರೊಳಗೆ ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆಯಿರಿ. ಮೂರು ನಾಲ್ಕು ದಿನ ಹೀಗೇ ಮಾಡಿ.

ನಮ್ಮಲ್ಲಿ ಬಿದ್ದ ಚಿತ್ರ ಹೀಗಿತ್ತು: ಬಾಗಿಲಿಂದ ಗೇಟಿಗೆ ಒಂದು ನೇರ ಗೆರೆ, ಗೇಟಿಂದ ಕಾಂಪೌಂಡ್ ಪಕ್ಕದಲ್ಲೇ ಮೂಲೆಗೆ ಇನ್ನೊಂದು, ಮೂಲೆಯಲ್ಲಿ ಒಂದು ಗಿರಕಿ. ಆ ಮೂಲೆಯಿಂದ ಹಾಲಿನವನ ಬೈಕ್ ಕಾಣುತ್ತದೆ, ಅದಕ್ಕೇ. ಗಿರಕಿಯ ಜಾಗದಲ್ಲಿ ಹೆಜ್ಜೆ ಹೆಜ್ಜೆಯಾಗಿರಲಿಲ್ಲ, ಉದ್ದಕ್ಕೆ ಉಜ್ಜಿದ ಗುರುತಾಗಿತ್ತು. ರಕ್ತ ಬರುತ್ತಿದ್ದದ್ದು ಅಲ್ಲಿಂದಲೇ. ನಮ್ಮ ಅಂಗಳ ಸುಮಾರು 300 ಚದರಡಿ. ಬೆಳ್ಳಿಯ ದಾರಿ ಎಲ್ಲ ಸೇರಿ 70 ಕೂಡ ದಾಟಲಿಲ್ಲ.

ಎಲ್ಲಿ ಎಷ್ಟು ಒರಟು ಅಂತ ಅಳೆಯುವುದು ಹೇಗೆ?

ಬರಿಗಾಲಲ್ಲಿ ನಿಂತು ಹಿಮ್ಮಡಿ ಮೇಲೆ ಸರ್ರನೆ ತಿರುಗಿ. ನಿಮಗೇ ಉರಿದರೆ ಅದಕ್ಕೂ ಉರಿಯುತ್ತದೆ. ಇನ್ನೂ ಸೂಕ್ಷ್ಮ ಬೇಕಾದರೆ ಹಳೇ ನೈಲಾನ್ ಸೀರೆಯ ತುಂಡನ್ನು ನೆಲದ ಮೇಲೆ ಎಳೆಯಿರಿ. ದಾರ ಸಿಕ್ಕಿಕೊಂಡ ಕಡೆಯೆಲ್ಲ ಜಲ್ಲಿಯ ಮೂತಿ ಇದೆ ಅಂತ ಅರ್ಥ. ನಮ್ಮ ಗಿರಕಿ ಮೂಲೆಯಲ್ಲಿ ಸೀರೆ ಒಂದು ಗೇಣೂ ಜಾರಲಿಲ್ಲ.

ಹಾಗೇ ಕೂತು ಕಣ್ಣಾಡಿಸಿ. ಕಂಬಿಯ ತುದಿ, ಬೈಂಡಿಂಗ್ ವೈರ್ ಎಲ್ಲಾದರೂ ಎದ್ದಿದ್ದರೆ ಮೊದಲು ಅದನ್ನು ಕತ್ತರಿಸಿ.

ಅತಿ ಕಡಿಮೆ ಖರ್ಚಿನ ಉಪಾಯ ಯಾವುದು?

ಗೋಣಿ ಚೀಲ. ದಿನಸಿ ಅಂಗಡಿಯಲ್ಲೋ ಹಿಟ್ಟಿನ ಗಿರಣಿಯಲ್ಲೋ ಕೇಳಿದರೆ ಕೊಡುತ್ತಾರೆ. ಸೆಣಬಿನದೇ ಕೇಳಿ. ಈಗ ಬರುವ ಬಿಳಿ ಪ್ಲಾಸ್ಟಿಕ್ ಚೀಲ ಜಾರುತ್ತದೆ, ಎಳೆ ಬಿಚ್ಚಿ ಉಗುರಿಗೆ ಸುತ್ತಿಕೊಳ್ಳುತ್ತದೆ.

ಒಂದೇ ಚೀಲ ಹಾಸಿದರೆ ನಾಯಿ ಓಡಿದಾಗ ಅದೂ ಜೊತೆಗೆ ಓಡುತ್ತದೆ. ಎರಡು ಮೂರು ಚೀಲ ಒಂದರ ಮೇಲೊಂದು ಇಟ್ಟು ದಬ್ಬಣದಲ್ಲಿ ಅಂಚು ಹೊಲಿಯಿರಿ. ನಾಲ್ಕು ಮೂಲೆಗೆ ಕಲ್ಲು ಇಡಬೇಡಿ, ಓಡುವಾಗ ಎಡವುತ್ತದೆ. ಅದರ ಬದಲು ಒಂದು ಅಂಚನ್ನು ಕಾಂಪೌಂಡಿಗೆ ಎರಡು ಮೊಳೆ ಹೊಡೆದು ಕಟ್ಟಿ, ಮೊಳೆ ನೆಲದಿಂದ ಮೇಲಕ್ಕಿರಲಿ. ಬೇಸಿಗೆಯಲ್ಲಿ ಚೀಲಕ್ಕೆ ನೀರು ಚಿಮುಕಿಸಿದರೆ ಅದೇ ಕೂಲರ್.

ಆಯುಸ್ಸು? ಆರು ತಿಂಗಳು ಬಂದರೆ ಪುಣ್ಯ. ಹರಿದ ಚೀಲ ಗಿಡದ ಬುಡಕ್ಕೆ ಹಾಕಿ.

ಹಸು ಮಲಗುವ ರಬ್ಬರ್ ಮ್ಯಾಟ್ ಆಗುತ್ತದಾ?

ನಮಗೆ ಕೆಲಸ ಮಾಡಿದ್ದು ಅದೇ. ಹೈನು ಇರುವ ಯಾವ ಊರಲ್ಲೂ ಸಿಗುತ್ತದೆ, ಕೌ ಮ್ಯಾಟ್ ಅಂತಲೇ ಕೇಳಿ. ಸಾಮಾನ್ಯವಾಗಿ ಆರೂವರೆ ಅಡಿ ಉದ್ದ, ನಾಲ್ಕು ಅಡಿ ಅಗಲ, ಅರ್ಧ ಇಂಚಿಗಿಂತ ದಪ್ಪ. ಭಾರ ಇರುವುದರಿಂದ ನೇರ ಓಟಕ್ಕೆ ಕಟ್ಟದಿದ್ದರೂ ಕದಲಲ್ಲ. ಮೇಲೆ ಉಬ್ಬು ಅಚ್ಚು ಇರುತ್ತದೆ, ಕಾಲಿಗೆ ಹಿಡಿತ ಸಿಗುತ್ತದೆ. ನಾಯಿ ಹಲ್ಲಿಗೂ ಬೇಗ ಬಗ್ಗಲ್ಲ.

ಹೊಸದಕ್ಕೆ ದುಡ್ಡು ಆಗುತ್ತದೆ. ಹಸು ಮಾರಿ ಕೊಟ್ಟಿಗೆ ಖಾಲಿ ಮಾಡಿದವರ ಹತ್ತಿರ ಹಳೇದು ಕೇಳಿ. ಸಗಣಿ ಗಂಜಲದ ವಾಸನೆಗೆ ಸೋಪಿನ ಪುಡಿ ಹಾಕಿ ಉಜ್ಜಿ, ಎರಡು ದಿನ ಬಿಸಿಲಿಗೆ ನಿಲ್ಲಿಸಿ. ಅಂಚು ಚೂರಾಗಿ ಉದುರುತ್ತಿದ್ದರೆ ತೆಗೆದುಕೊಳ್ಳಬೇಡಿ. ನಾಯಿ ಆ ಚೂರು ನುಂಗಿದರೆ ಕರುಳಿಗೆ ಅಡ್ಡ.

ಒಂದೇ ದೋಷ ಬಣ್ಣ. ಕಪ್ಪು ರಬ್ಬರ್ ಏಪ್ರಿಲ್ ಬಿಸಿಲಲ್ಲಿ ಕಾವಲಿ ಆಗುತ್ತದೆ. ನೆರಳಿರುವ ಕಡೆಗೆ ಮಾತ್ರ ಇಡಿ, ಇಲ್ಲ ಮೇಲೆ ಶೇಡ್ ನೆಟ್ ಕಟ್ಟಿ.

ತೆಂಗಿನ ನಾರಿನ ಮ್ಯಾಟ್?

ತಿಪಟೂರು, ಅರಸೀಕೆರೆ ಕಡೆಯವರಿಗೆ ನಾರಿನ ವಿಷಯ ನಾನು ಹೇಳಬೇಕಾ! ಬಿಸಿಲಿಗೆ ರಬ್ಬರಿನಷ್ಟು ಕಾಯಲ್ಲ, ನೀರು ಬಸಿಯುತ್ತದೆ, ಮೆತ್ತಗೂ ಇದೆ. ಆದರೆ ಹೊಸ ಕಾಲೊರಸು ಚುಚ್ಚುತ್ತದೆ, ಅದೂ ಒಂಥರಾ ಬ್ರಷ್ ಅಲ್ವಾ. ನೇಯ್ದ ಚಾಪೆಯಂಥ ಉದ್ದನೆ ಮ್ಯಾಟ್ ಮೇಲು. ನಾಲ್ಕು ದಿನ ನೀವೇ ತುಳಿದು ಆಮೇಲೆ ನಾಯಿಗೆ ಬಿಡಿ. ಕಚ್ಚಿ ಎಳೆಯುವ ಮರಿ ಇದ್ದರೆ ಮಾತ್ರ ಬೇಡ. ನಾರು ಹೊಟ್ಟೆಗೆ ಹೋಗಿ ಉಂಡೆ ಕಟ್ಟುತ್ತದೆ.

ಮ್ಯಾಟ್ ಯಾಕೆ, ಕಾಂಕ್ರೀಟನ್ನೇ ಉಜ್ಜಿ ನಯ ಮಾಡಬಹುದಲ್ವಾ?

ಮಾಡಬಹುದು. ಗಿರಕಿ ಹೊಡೆಯುವ ಜಾಗಕ್ಕೆ ನನ್ನ ಆಯ್ಕೆ ಇದೇ, ಯಾಕೆಂದರೆ ಅಲ್ಲಿ ಯಾವ ಮ್ಯಾಟೂ ನಿಲ್ಲಲ್ಲ.

ಮೊಸಾಯಿಕ್, ರೆಡ್ ಆಕ್ಸೈಡ್ ನೆಲ ಪಾಲಿಷ್ ಮಾಡುವವರು ಕೈಯಲ್ಲಿ ಹಿಡಿದು ಉಜ್ಜುವ ಕಾರ್ಬೊರಂಡಮ್ ಕಲ್ಲು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಇದ್ದುದರಲ್ಲಿ ಒರಟಾದದ್ದು ಕೊಳ್ಳಿ. ನೆಲಕ್ಕೆ ನೀರು ಹಾಕಿ, ಕಲ್ಲನ್ನು ಚಪ್ಪಟೆಯಾಗಿ ಹಿಡಿದು ಸುತ್ತು ಸುತ್ತಾಗಿ ಉಜ್ಜುತ್ತಾ ಹೋಗಿ. ಹೊಳಪು ಬರಬೇಕಿಲ್ಲ. ಜಲ್ಲಿಯ ಮೂತಿ ಮುರಿದರೆ ಸಾಕು. ಶುರುವಿನಲ್ಲಿ ಕರಕರ ಸದ್ದು ಬರುತ್ತದೆ. ಸ್ವಲ್ಪ ಹೊತ್ತಿಗೆ ಸದ್ದು ಸಣ್ಣಗಾಗಿ ಬೂದು ಬಣ್ಣದ ಕೆನೆಯಂಥ ನೀರು ಏಳುತ್ತದೆ. ಆ ನೀರು ತೊಳೆದು, ಅಂಗೈ ಆಡಿಸಿ, ಮತ್ತೆ ನೈಲಾನ್ ಸೀರೆ ಎಳೆದು ನೋಡಿ. ನಾಲ್ಕಡಿ ನಾಲ್ಕಡಿ ಮೂಲೆಗೆ ನನಗೆ ಎರಡು ಸಂಜೆ ಹಿಡಿಯಿತು. ಮೂರನೇ ದಿನ ಭುಜ ಎತ್ತಲು ಆಗಲಿಲ್ಲ, ಅದು ಬೇರೆ ಮಾತು.

ಜಾಗ ದೊಡ್ಡದಿದ್ದರೆ ಮೊಸಾಯಿಕ್ ಪಾಲಿಷ್ ಮಷೀನ್ ಇಟ್ಟುಕೊಂಡವರನ್ನು ಅರ್ಧ ದಿನಕ್ಕೆ ಕರೆಸಿ. ಆ ಮಷೀನ್ ನೀರು ಹಾಕಿಯೇ ಓಡಿಸುವಂಥದ್ದು, ಧೂಳು ಏಳಲ್ಲ. ಕೈ ಗ್ರೈಂಡರಿಗೆ ವಜ್ರದ ಕಪ್ ವೀಲ್ ಹಾಕಿಯೂ ಉಜ್ಜುತ್ತಾರೆ, ಬೇಗ ಆಗುತ್ತದೆ. ಆದರೆ ಕಾಂಕ್ರೀಟಿನ ಒಣ ಧೂಳಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಬಲು ಕೆಟ್ಟದ್ದು. ಎನ್-95 ಮಾಸ್ಕ್, ಕಣ್ಣಿಗೆ ಕನ್ನಡಕ ಇಲ್ಲದೆ ಯಾರನ್ನೂ ಆ ಕೆಲಸಕ್ಕೆ ಹಚ್ಚಬೇಡಿ. ಧೂಳು ಅಂತ ಮಾಮೂಲಿ ಗ್ರೈಂಡರ್ ಮೇಲೆ ನೀರು ಸುರಿಯುವುದೂ ಬೇಡ, ಶಾಕ್ ಹೊಡೆಯುತ್ತದೆ. ನಾಯಿ ಮನೆಯೊಳಗಿರಲಿ. ಕೆಲಸ ಮುಗಿದ ಮೇಲೆ ನೆಲ ಎರಡು ಸಲ ತೊಳೆದು ಆಮೇಲೆ ಬಿಡಿ.

ಹಾಗಾದರೆ ಗಾಜಿನ ಹಾಗೆ ನುಣುಪು ಮಾಡಿಬಿಡೋಣ?

ಬೇಡ. ನುಣುಪು ನೆಲ ಒದ್ದೆಯಾದರೆ ನಾಯಿ ಜಾರುತ್ತದೆ. ವಯಸ್ಸಾದ ನಾಯಿ, ಸೊಂಟದ ಕೀಲು ಸಡಿಲ ಇರುವ ನಾಯಿ ಒಮ್ಮೆ ಕಾಲು ಅಗಲಿಸಿ ಬಿದ್ದರೆ ಅಂಗಾಲಿನ ಗಾಯಕ್ಕಿಂತ ದೊಡ್ಡ ಕತೆ. ಹಳೇ ಮನೆ ಜಗಲಿಯ ಗಾರೆ ನೆಲ ಇರುತ್ತಿತ್ತಲ್ಲ, ಕೈಗೆ ನಯ, ಕಾಲಿಗೆ ಹಿಡಿತ. ಅಷ್ಟಿರಲಿ.

ಮೇಲೊಂದು ಪದರ ಸಿಮೆಂಟ್ ಸಾರಿಸಿದರೆ?

ಸಿಮೆಂಟನ್ನು ನೀರಲ್ಲಿ ತೆಳ್ಳಗೆ ಕಲಸಿ ಬಳಿಯುವುದನ್ನೇ ಎಲ್ಲರೂ ಮೊದಲು ಹೇಳುತ್ತಾರೆ. ಸುಮ್ನೆ ದಂಡ. ಅದು ಒಂದು ಬೇಸಿಗೆಗೆ ಬಿರುಕು ಬಿಟ್ಟು ಹಪ್ಪಳದ ಹಾಗೆ ಏಳುತ್ತದೆ. ಎದ್ದ ಅಂಚು ಬ್ಲೇಡಿನ ಹಾಗೆ. ಹಳೇ ನೆಲಕ್ಕಿಂತ ಹೊಸದೇ ಕೆಟ್ಟದಾಗುತ್ತದೆ.

ಸರಿಯಾಗಿ ಮಾಡಿಸುವುದಾದರೆ ಒಂದು ಇಂಚು ದಪ್ಪ ಬೇಕು. ಹಳೇ ನೆಲಕ್ಕೆ ಅಲ್ಲಲ್ಲಿ ಚಚ್ಚು ಹೊಡೆದು, ತೊಳೆದು, ಒದ್ದೆ ಇರುವಾಗಲೇ ಸಿಮೆಂಟ್ ನೀರು ಬಳಿದು, ಅದರ ಮೇಲೆ 1 ಪಾಲು ಸಿಮೆಂಟಿಗೆ 3 ಪಾಲು ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿ ತೆಗೆದ ಮರಳು) ಕಲಸಿ ಹಾಕಬೇಕು. 100 ಚದರಡಿಗೆ ಎರಡರಿಂದ ಎರಡೂವರೆ ಚೀಲ ಸಿಮೆಂಟ್ ಹಿಡಿಯುತ್ತದೆ. ಗಾರೆಯವರಿಗೆ ಒಂದು ಮಾತು ಒತ್ತಿ ಹೇಳಿ: ಕೊನೆಯ ಕೈ ಮರದ ಹಲಗೆಯಲ್ಲಿ ಆಡಿಸಲಿ, ಉಕ್ಕಿನ ಕರಣೆಯಲ್ಲಿ ತಿಕ್ಕಬೇಡಿ ಅಂತ. ಮರದ ಹಲಗೆ ಮರಳಿನ ಸಣ್ಣ ಹಿಡಿತ ಉಳಿಸುತ್ತದೆ. ಪೊರಕೆ ಅಂತೂ ಕೈಗೇ ಸಿಗದ ಹಾಗೆ ಬಚ್ಚಿಡಿ.

ಇಳಿಜಾರು ಚರಂಡಿ ಕಡೆಗೇ ಇರಲಿ, ಎಂಟು ಅಡಿಗೆ ಒಂದು ಇಂಚಿನಷ್ಟು. ನೆಲ ಒಂದು ಇಂಚು ಎದ್ದರೆ ಗೇಟ್ ಉಜ್ಜುತ್ತದಾ, ಬಾಗಿಲೊಳಗೆ ನೀರು ಬರುತ್ತದಾ, ಇದನ್ನೂ ಮೊದಲೇ ನೋಡಿ.

ಹಸಿ ಸಿಮೆಂಟ್ ಸುಣ್ಣದ ಹಾಗೆ ಸುಡುತ್ತದೆ. ಕನಿಷ್ಠ ಒಂದು ವಾರ ಕ್ಯೂರಿಂಗ್, ಅಂದರೆ ನೀರು ಹಾಕಿ ಒದ್ದೆ ಇಡುವಷ್ಟು ದಿನವೂ ನಾಯಿ ಆ ಕಡೆ ಹೋಗಬಾರದು. ಅಪ್ಪಿತಪ್ಪಿ ತುಳಿದರೆ ತಕ್ಷಣ ಧಾರಾಳ ನೀರಲ್ಲಿ ತೊಳೆಯಿರಿ, ನೆಕ್ಕಲು ಬಿಡಬೇಡಿ.

ಆಸಿಡ್ ಹಾಕಿ ತೊಳೆದರೆ ನಯ ಆಗುತ್ತದಂತೆ, ನಿಜವಾ?

ಸುಳ್ಳು. ನಾವು ಮಾಡಿದ ದೊಡ್ಡ ತಪ್ಪು ಇದೇ. ನೆಲ ಹಾಕಿದ ಕಂಟ್ರಾಕ್ಟರನ್ನೇ ಕರೆಸಿ ತೋರಿಸಿದೆವು. ಆಸಿಡ್ ಹೊಡೆದರೆ ಎಲ್ಲ ಕ್ಲೀನ್ ಆಗಿ ನುಣುಪಾಗುತ್ತದೆ ಅಂದರು. ಹೊಡೆದೂ ಹೋದರು. ನೊರೆ ಬಂತು, ನೆಲ ಬೆಳ್ಳಗಾಯಿತು, ನಮಗೂ ಖುಷಿ. ಒಣಗಿದ ಮೇಲೆ ಕೈ ಆಡಿಸಿದರೆ ಉಪ್ಪುಕಾಗದ! ಆಸಿಡ್ ತಿನ್ನುವುದು ಸಿಮೆಂಟನ್ನು. ಮರಳು, ಜಲ್ಲಿ ಹಾಗೇ ಉಳಿದು ಇನ್ನಷ್ಟು ಎದ್ದು ಕೂರುತ್ತವೆ. ಫೋನ್ ಮಾಡಿದರೆ ಅವರು ಎತ್ತಲೇ ಇಲ್ಲ.

ಜೋರು ಒತ್ತಡದ ನೀರಿನ ಮಷೀನ್ ಕೂಡ ಸವೆದ ಕಾಂಕ್ರೀಟಿಗೆ ಇದನ್ನೇ ಮಾಡುತ್ತದೆ. ಕಾರಿಗೆ ಇಟ್ಟುಕೊಳ್ಳಿ.

ಬಣ್ಣ ಹೊಡೆದರೆ?

ಬಣ್ಣ ತೆಳ್ಳಗೆ ಕೂರುತ್ತದೆ, ಜಲ್ಲಿಯ ಮೂತಿಗೂ ಬಣ್ಣ ಬರುತ್ತದೆ ಅಷ್ಟೇ.

ಕೃತಕ ಹುಲ್ಲಿನ ಹಾಸು? ನೋಡಲು ಚೆನ್ನಾಗಿರುತ್ತದೆ.

ನೋಡಲು ಚೆನ್ನಾಗಿರುತ್ತದೆ. ಬಿಸಿಲಲ್ಲಿ ಕಾಂಕ್ರೀಟಿಗಿಂತಲೂ ಜಾಸ್ತಿ ಕಾಯುತ್ತದೆ. ಉಚ್ಚೆ ಬುಡದಲ್ಲಿ ನಿಂತು ನಾಲ್ಕೇ ದಿನಕ್ಕೆ ಅಂಗಳ ಬಸ್ ಸ್ಟ್ಯಾಂಡ್ ಆಗುತ್ತದೆ. ನೆರಳಿದ್ದು, ಕೆಳಗೆ ನೀರು ಬಸಿಯುವ ತೂತು ಇದ್ದು, ದಿನಾ ತೊಳೆಯುವ ತಾಳ್ಮೆ ಇದ್ದರೆ ಸಣ್ಣ ತುಂಡು ಹಾಕಿ ನೋಡಿ.

ಮರಳು, ಮಣ್ಣು, ಹೊಟ್ಟು ಇಂಥದ್ದು ಹರಡಬಹುದಾ?

ಕಾಂಕ್ರೀಟ್ ಮೇಲೆ ತೆಳ್ಳಗೆ ಮರಳು ಹರಡಿದರೆ ಅದು ಮೆತ್ತಗಾಗಲ್ಲ, ಉಜ್ಜುವ ಪುಡಿ ಆಗುತ್ತದೆ. ಹಾಕುವುದಾದರೆ ಒಂದು ಮೂಲೆಗೆ ಸುತ್ತ ಇಟ್ಟಿಗೆ ಇಟ್ಟು ಅರ್ಧ ಅಡಿಯಷ್ಟು ಹಾಕಿ. ಆ ಜಾಗ ಮಲಗಲು, ಕೆರೆಯಲು ಸ್ವರ್ಗ. ಬೆಕ್ಕುಗಳು ಅದನ್ನೇ ಕಕ್ಕಸು ಮಾಡಿಕೊಳ್ಳದ ಹಾಗೆ ರಾತ್ರಿ ಮುಚ್ಚಿ. ಹೊಲಸು ದಿನಾ ಎತ್ತದಿದ್ದರೆ ಮರಳಲ್ಲಿ ಕೊಕ್ಕೆಹುಳ ಬೆಳೆಯುತ್ತದೆ, ಅದು ಮನುಷ್ಯರ ಬರಿಗಾಲಿಗೂ ಹತ್ತುತ್ತದೆ.

ಭತ್ತದ ಹೊಟ್ಟು ಚುಚ್ಚುತ್ತದೆ, ಕಣ್ಣಿಗೆ ಹಾರುತ್ತದೆ. ಶೇಂಗಾ ಸಿಪ್ಪೆ ಒದ್ದೆಯಾದರೆ ಬೂಷ್ಟು ಹಿಡಿಯುತ್ತದೆ, ಆ ಬೂಷ್ಟು ನಾಯಿಯ ಲಿವರಿಗೆ ವಿಷ. ಕೊಡಗು, ಚಿಕ್ಕಮಗಳೂರಿನವರು ಕಾಫಿ ಸಿಪ್ಪೆ ಬಿಟ್ಟಿಯಾಗಿ ಸಿಗುತ್ತದೆ ಅಂತ ಹಾಕಬೇಡಿ. ಅದರಲ್ಲಿ ಕೆಫೀನ್ ಇದೆ, ನಾಯಿ ತಿಂದರೆ ಅಪಾಯ. ಅಡಿಕೆ ಸಿಪ್ಪೆಯಲ್ಲಿ ಅಡಿಕೆ ಚೂರು ಉಳಿದಿದ್ದರೂ ಅಷ್ಟೇ. ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನುವ ರಾಸಾಯನಿಕವನ್ನು ಹಿಂದೆ ನಾಯಿಗಳಿಗೆ ಜಂತುಹುಳದ ಔಷಧಿಯಾಗಿ ಅಳೆದು ಕೊಡುತ್ತಿದ್ದರು. ಅಳತೆ ಇಲ್ಲದೆ ತಿಂದರೆ ವಾಂತಿ ಭೇದಿ ಗ್ಯಾರಂಟಿ.

ಅಜ್ಜಿ ಸಗಣಿ ಸಾರಿಸಿ ಅಂತಾರೆ.

ಅಜ್ಜಿಯ ಅಂಗಳ ಮಣ್ಣಿನದು. ಮಣ್ಣಿಗೆ ಸಗಣಿ ಹಿಡಿಯುತ್ತದೆ, ಮೆತ್ತಗಿನ ನೆಲವೇ ಆಗುತ್ತದೆ. ಕಾಂಕ್ರೀಟ್ ಮೇಲೆ ಒಣಗಿ ಪುಡಿಯಾಗಿ ಹಾರುತ್ತದೆ. ಅಜ್ಜಿಗೆ ಬೇಜಾರು ಮಾಡಬೇಡಿ, ಹಬ್ಬದ ದಿನ ಬಾಗಿಲ ಮುಂದೆ ಸಾರಿಸಲಿ.

ಕಲ್ಲು ಚಪ್ಪಡಿ ಹಾಸಿದರೆ?

ಕಲಬುರಗಿ ಕಡೆಯವರಿಗೆ ಶಹಾಬಾದ್ ಕಲ್ಲು ಇದೆಯಲ್ಲ, ಅದೃಷ್ಟವಂತರು. ಅದು ಸುಣ್ಣದ ಕಲ್ಲು, ಚಪ್ಪಟೆಯಾಗಿ ಪದರ ಪದರವಾಗಿ ಏಳುತ್ತದೆ. ಪಾಲಿಷ್ ಮಾಡದ್ದು ಪಾದಕ್ಕೆ ಹಿತ, ಜಾರಲ್ಲ. ಕಲ್ಲಿನಂಗಡಿಯಲ್ಲಿ ಅಂಚು ಮುರಿದ ತುಂಡುಗಳನ್ನು ಕೇಳಿ, ಅಗ್ಗ. ದಾರಿಗುಂಟ ಕಾಂಕ್ರೀಟ್ ಮೇಲೇ ತೆಳು ಮರಳು ಹರಡಿ ಹಾಸಬಹುದು, ಸಂದು ಮಾತ್ರ ಗಾರೆಯಿಂದ ತುಂಬಿ. ಕಡಪ ಕಲ್ಲು ಕಪ್ಪು, ಕಾಯುತ್ತದೆ. ನಮ್ಮ ಕಡೆಯ ಗ್ರಾನೈಟ್ ಚಪ್ಪಡಿ ಉಳಿಪೆಟ್ಟಿನದು, ಕಾಂಕ್ರೀಟಿಗಿಂತ ಒರಟು.

ಬೇಸಿಗೆಯಲ್ಲಿ ಏನು ಮಾಡುವುದು?

ಗಾಳಿ 35 ಡಿಗ್ರಿ ಇದ್ದರೆ ಬಿಸಿಲಿಗೆ ಬಿದ್ದ ಕಾಂಕ್ರೀಟ್ 50 ಡಿಗ್ರಿ ದಾಟಬಹುದು. ಹಿಂಗೈಯನ್ನು ನೆಲಕ್ಕೆ ಒತ್ತಿ ಏಳು ಎಣಿಸಿ. ಅಷ್ಟು ಹೊತ್ತು ಇಡಲಾಗದಿದ್ದರೆ ನಾಯಿಯನ್ನು ಬಿಡಬೇಡಿ. ಸಂಜೆ ಸೂರ್ಯ ಇಳಿದ ಮೇಲೂ ಕಾಂಕ್ರೀಟ್ ಬೇಗ ಆರಲ್ಲ, ಏಳು ಗಂಟೆಗೂ ಬಿಸಿ ಉಳಿದಿರುತ್ತದೆ.

ಗೊಬ್ಬರದ ಅಂಗಡಿಯಲ್ಲಿ ಹಸಿರು ಶೇಡ್ ನೆಟ್ ಸಿಗುತ್ತದೆ. 75 ಪರ್ಸೆಂಟ್ ಬಿಸಿಲು ತಡೆಯುವಂಥದ್ದು ತನ್ನಿ. ನಾಯಿಯ ದಾರಿಯ ಮೇಲೆ ಮಾತ್ರ ಕಟ್ಟಿ, ಸ್ವಲ್ಪ ಎತ್ತರಕ್ಕಿರಲಿ, ಗಾಳಿ ಆಡಲಿ.

ನೀರು ಸುರಿದು ತಂಪು ಮಾಡುವಾಗ ಒಂದು ಗಮನದಲ್ಲಿರಲಿ. ನೆನೆದ ಅಂಗಾಲು ಮೆದುವಾಗುತ್ತದೆ, ಬಟ್ಟೆ ಒಗೆದ ಮೇಲೆ ನಮ್ಮ ಬೆರಳು ಆಗುವ ಹಾಗೆ. ಆ ಪಾದದಲ್ಲಿ ಒರಟು ನೆಲದ ಮೇಲೆ ಓಡಿದರೆ ಇನ್ನೂ ಬೇಗ ಕಿತ್ತುಬರುತ್ತದೆ. ಸ್ನಾನ ಮಾಡಿಸಿದ ಕೂಡಲೇ ಹುಚ್ಚೋಟ ಓಡುತ್ತವಲ್ಲ, ಆಗಲೇ ಜಾಸ್ತಿ ಗಾಯ. ಪಾದ ಒರೆಸಿ ಆಮೇಲೆ ಬಿಡಿ.

ಮಳೆಗಾಲದಲ್ಲಿ? ನಮ್ಮದು ಉಡುಪಿ ಕಡೆ.

ನಿಮ್ಮ ಶತ್ರು ಪಾಚಿ. ನಾರು, ಗೋಣಿ ಎರಡೂ ಅಲ್ಲಿ ಕೊಳೆಯುತ್ತವೆ. ಜಾರದ ಹಾಗೆ ಅಂಗಳಕ್ಕೆ ಅಡಿಕೆ ಸೋಗೆ ಹಾಸುವ ಪದ್ಧತಿ ನಿಮ್ಮಲ್ಲೇ ಇದೆ. ನಾಯಿಗೂ ಅದೇ ಒಳ್ಳೆಯದು, ಬುಡದ ಗಟ್ಟಿ ಕಡ್ಡಿ ಕತ್ತರಿಸಿ ಹಾಕಿ. ರಬ್ಬರ್ ಮ್ಯಾಟ್ ಇದ್ದರೆ ವಾರಕ್ಕೊಮ್ಮೆ ಎಬ್ಬಿಸಿ ಕೆಳಗಿನ ಲೋಳೆ ಉಜ್ಜಿ ತೆಗೆಯಿರಿ.

ಮ್ಯಾಟ್ ಕೆಳಗೆ ಹುಳ ಹುಪ್ಪಟೆ ಸೇರಲ್ವಾ?

ಸೇರುತ್ತವೆ. ಜರಿ, ಚೇಳು ಎರಡೂ ನಮ್ಮಲ್ಲಿ ಸಿಕ್ಕಿವೆ. ಬರಿಗೈಯಲ್ಲಿ ಎತ್ತಬೇಡಿ, ಕೋಲಿನಿಂದ ಒಂದು ಅಂಚು ಎಬ್ಬಿಸಿ ಎರಡು ಸಲ ತಟ್ಟಿ. ಅದಕ್ಕಿಂತ ಕಾಟ ಉಣ್ಣಿಯದು. ನಾಯಿ ಉಣ್ಣಿ ಮೊಟ್ಟೆ ಇಡುವುದು ಮೈಮೇಲಲ್ಲ, ಗೋಡೆ, ನೆಲದ ಬಿರುಕಿನಲ್ಲಿ. ಮ್ಯಾಟ್ ಹಾಸುವ ಮೊದಲು ಬಿರುಕುಗಳನ್ನು ಸಿಮೆಂಟಿನಿಂದ ತುಂಬಿ.

ಮಲಗುವ ಜಾಗಕ್ಕೂ ಹಾಸು ಬೇಕಾ?

ಓಡುವ ದಾರಿಗಿಂತ ಮೊದಲು ಬೇಕು. ಗಟ್ಟಿ ನೆಲದ ಮೇಲೆ ಮಲಗಿ ಎದ್ದು ಮಾಡಿ ಮುಂಗಾಲಿನ ಮೊಣಕೈ ಕೂದಲುದುರಿ ಜಡ್ಡುಗಟ್ಟುತ್ತದೆ. ದೊಡ್ಡ ನಾಯಿಗಳಿಗೆ ಅಲ್ಲಿ ನೀರು ತುಂಬಿ ಉಬ್ಬುತ್ತದೆ. ಮುಧೋಳದ್ದು ಬರೀ ಮೂಳೆ ಚರ್ಮ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಾಯಿ ಅಂದರೂ ಕಾಂಕ್ರೀಟಿಗೆ ಮರ್ಯಾದೆ ಗೊತ್ತಿಲ್ಲ.

ಹಳೇ ಕೌದಿ ಇದ್ದರೆ ಅದಕ್ಕಿಂತ ಒಳ್ಳೆ ಹಾಸಿಗೆ ಇಲ್ಲ. ನಾಲ್ಕು ಮಡಿಕೆ ಮಾಡಿ ಹಾಸಿ. ಒಗೆಯಬಹುದು, ಒಣಗಿಸಬಹುದು, ಹರಿದರೆ ಇನ್ನೊಂದು ಸೀರೆ ಹಚ್ಚಿ ಹೊಲಿಯಬಹುದು.

ಬಾಡಿಗೆ ಮನೆ. ಓನರ್ ಏನೂ ಮುಟ್ಟಬೇಡಿ ಅಂದಿದ್ದಾರೆ.

ಗೋಣಿ, ಕೌ ಮ್ಯಾಟ್, ಕೌದಿ. ಖಾಲಿ ಮಾಡುವಾಗ ಸುತ್ತಿಕೊಂಡು ಹೋಗಬಹುದು. ಕಲ್ಲಲ್ಲಿ ಉಜ್ಜುವುದಕ್ಕೆ ಒಂದು ಮಾತು ಕೇಳಿ ನೋಡಿ, ನೆಲ ಚೆನ್ನಾಗಾಗುವುದಕ್ಕೆ ಯಾರು ಬೇಡ ಅಂತಾರೆ?

ಅಂಗಳ ಏನು ಹಾಕಿ ತೊಳೆಯಬೇಕು?

ಬರೀ ನೀರು, ಸ್ವಲ್ಪ ಸೋಪು. ಫಿನಾಯಿಲ್, ಬ್ಲೀಚಿಂಗ್ ಪೌಡರ್ ಹಾಕಲೇಬೇಕಾದರೆ ಚೆನ್ನಾಗಿ ನೀರು ಹೊಡೆದು, ಒಣಗಿದ ಮೇಲೆ ನಾಯಿ ಬಿಡಿ. ಅವು ಒಡೆದ ಅಂಗಾಲಿಗೆ ಉರಿ, ನೆಕ್ಕಿದರೆ ಹೊಟ್ಟೆಗೂ ಕೆಟ್ಟದ್ದು.

ಈಗಾಗಲೇ ಗಾಯ ಆಗಿದೆ. ಏನು ಮಾಡಲಿ?

ಅರ್ಧ ಲೀಟರ್ ಕಾಯಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ ಪಾದ ತೊಳೆಯಿರಿ. ಜಲ್ಲಿ ಚೂರು ಇದ್ದರೆ ತೆಗೆಯಿರಿ. ಬೆಟಾಡಿನ್ ದ್ರಾವಣವನ್ನು ತೆಳು ಟೀ ಬಣ್ಣ ಬರುವಷ್ಟು ನೀರಲ್ಲಿ ಬೆರೆಸಿ ಹಚ್ಚಿ. ಹತ್ತು ನಿಮಿಷ ನೆಕ್ಕದ ಹಾಗೆ ಪಕ್ಕದಲ್ಲೇ ಕೂತುಕೊಳ್ಳಿ. ಹೊರಗೆ ಹೋಗುವಾಗ ಮಕ್ಕಳ ಹಳೇ ಕಾಟನ್ ಸಾಕ್ಸ್ ಹಾಕಿ, ಬಂದ ಕೂಡಲೇ ತೆಗೆಯಿರಿ. ನಾಯಿಗೆ ಬೆವರು ಬರುವುದು ಅಂಗಾಲಲ್ಲೇ, ದಿನವಿಡೀ ಕಟ್ಟಿಟ್ಟರೆ ಕೊಳೆಯುತ್ತದೆ. ಮೇಲ್ಮೇಲಿನ ಉಜ್ಜುಗಾಯ ಒಂದೆರಡು ವಾರಕ್ಕೆ ಮಾಗುತ್ತದೆ.

ಡೆಟಾಲ್ ಹಾಗೇ ಸುರಿಯಬೇಡಿ. ನೋವು ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡಲೇಬೇಡಿ, ನಾಯಿಗೆ ಅವು ವಿಷ. ಚರ್ಮ ತುಂಡಾಗಿ ನೇತಾಡುತ್ತಿದ್ದರೆ, ರಕ್ತ ನಿಲ್ಲದಿದ್ದರೆ, ವಾಸನೆ ಬಂದರೆ ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕೊಬ್ಬರಿ ಎಣ್ಣೆ ಹಚ್ಚಬಹುದಾ?

ಒಡೆದ, ಒಣಗಿದ ಅಂಗಾಲಿಗೆ ರಾತ್ರಿ ಎರಡು ಹನಿ. ಜಾಸ್ತಿ ಹಚ್ಚಿದರೆ ಮೆತ್ತಗಾಗುತ್ತದೆ, ಮತ್ತೆ ಸವೆಯುತ್ತದೆ. ಮತ್ತೆ ಹೇಗೂ ನೆಕ್ಕಿಬಿಡುತ್ತದೆ.

ನೆಲ ನಯ ಆದರೆ ಉಗುರು ಸವೆಯೋದು ಹೇಗೆ?

ಒಳ್ಳೆ ಪ್ರಶ್ನೆ, ನಾವು ಮರೆತಿದ್ದೆವು. ಒರಟು ಕಾಂಕ್ರೀಟ್ ಬಿಟ್ಟಿ ಅರ. ಅದು ಹೋದ ಮೇಲೆ ತಿಂಗಳಿಗೊಮ್ಮೆಯಾದರೂ ನೀವೇ ಕತ್ತರಿಸಬೇಕು. ಟೈಲ್ಸ್ ಮೇಲೆ ಟಕ್ ಟಕ್ ಸದ್ದು ಬಂತು ಅಂದರೆ ಉದ್ದವಾಗಿದೆ ಅಂತ. ನಿಧಾನಕ್ಕೆ ನಡೆಯುವ ಜಾಗದಲ್ಲಿ ಒರಟು ಹಾಗೇ ಇರಲಿ, ಅದಕ್ಕೇ ಇಡೀ ಅಂಗಳ ಬೇಡ ಅಂದದ್ದು.

ನಿಮಗೆ ಒಟ್ಟು ಎಷ್ಟು ಖರ್ಚಾಯಿತು?

ಎರಡು ಹಳೇ ಕೌ ಮ್ಯಾಟ್, ಎರಡು ಉಜ್ಜುಕಲ್ಲು, ಎಂಟು ಗೋಣಿ ಚೀಲ, ಒಂದು ತುಂಡು ಶೇಡ್ ನೆಟ್ ಎಲ್ಲ ಸೇರಿ 4,000 ರೂಪಾಯಿ ಒಳಗೆ. ಆಸಿಡ್ಡಿಗೆ ದಂಡವಾದದ್ದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಹಾಸಿದ ಮ್ಯಾಟ್ ಮೇಲೆ ನಾಯಿ ಕಾಲೇ ಇಡುತ್ತಿಲ್ಲ!

ರಬ್ಬರಿನ ವಾಸನೆಗೆ ಹೆದರುತ್ತವೆ. ಊಟದ ತಟ್ಟೆ ನಾಲ್ಕು ದಿನ ಅದರ ಮೇಲೇ ಇಡಿ. ಬೆಳ್ಳಿ ಓಡುವ ದಾರಿಯ ಮ್ಯಾಟನ್ನು ಎರಡೇ ದಿನಕ್ಕೆ ಒಪ್ಪಿಕೊಂಡಳು. ಮಲಗಲು ಹಾಕಿದ್ದ ಕೌದಿಯನ್ನು ಮಾತ್ರ ಬಾಯಲ್ಲಿ ಎಳೆದು ತಂದು ಬಾಗಿಲ ಎದುರು, ಅಮ್ಮ ರಂಗೋಲಿ ಹಾಕುವ ಜಾಗಕ್ಕೇ ಹಾಸಿಕೊಂಡಳು. ಮೂರು ಸಲ ವಾಪಸ್ ಇಟ್ಟೆವು, ಮೂರು ಸಲವೂ ತಂದಳು. ಈಗ ರಂಗೋಲಿ ಎರಡು ಅಡಿ ಎಡಕ್ಕೆ ಬೀಳುತ್ತದೆ.